ಕೆಂಪು ಕಲೆಯ ಗ್ಲಾಸು

ಮ್ಯಾನೇಜರರ ಕೋಣೆಯಲ್ಲಿ ಆವತ್ತು ಐದು ಜನ ಇದ್ದೆವು. ಮೇಜಿನ ಆಚೆ ಮ್ಯಾನೇಜರರು, ಕೈಗೆ ಸಿಗುವ ಹಾಗೆ ಅವರದೊಂದು ಸ್ಟೀಲಿನ ಫ್ಲಾಸ್ಕು. ಅವರ ಮಗ್ಗುಲಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಲವತ್ತು ದಾಟಿದ ಮರಾಠಿ ಹೆಂಗಸು, ನೋಯುವ ಮೊಣಕಾಲನ್ನು ತುಸು ಮಡಿಸಿ ಇನ್ನೊಂದರ ಮೇಲೆ ಭಾರ ಹಾಕಿ ನಿಂತಿದ್ದರು. ಈಚೆ ಕುರ್ಚಿಯಲ್ಲಿ ನಮ್ಮ ತರಬೇತಿ ಕೇಂದ್ರದ ಪ್ಲೇಸ್‌ಮೆಂಟ್ ಅಧಿಕಾರಿ. ಕಲಿತ ಹುಡುಗಿಯರಿಗೆ ಹೋಟೆಲುಗಳಲ್ಲಿ ಕೆಲಸ ಕೊಡಿಸುವುದು ಅವರ ಜವಾಬ್ದಾರಿ. ಅವರ ಪಕ್ಕದಲ್ಲಿ, ಆ ಹುಡುಗಿಯರಿಗೆ ರೂಮಿನ ಕೆಲಸ ಕಲಿಸುವ ನಾನು. ಬಾಗಿಲ ಹತ್ತಿರ, ಗೋಡೆಗೆ ಬೆನ್ನು ತಾಗಿಸದೆ, ಕೈಕಟ್ಟಿ ನಿಂತವಳು ನಾನು ಕಲಿಸಿ ಕಳಿಸಿದ ನನ್ನ ಹುಡುಗಿ. ಎಲ್ಲರ ನಡುವೆ ಮೇಜಿನ ಮೇಲೆ ಬಿಳಿ ನ್ಯಾಪ್ಕಿನ್ನು ಹಾಸಿ, ಅದರ ಮೇಲೆ ಒಂದು ಗಾಜಿನ ಗ್ಲಾಸು ಇಟ್ಟಿದ್ದರು. ಪಂಚನಾಮೆಗೆ ಇಟ್ಟ ಹಾಗಿತ್ತು.

ಗ್ಲಾಸಿನ ಬಾಯಿಯ ಕೆಳಗೆ ತಿಳಿಗೆಂಪು ಕಲೆ. ವೇರೂಳದ, ಅಂದರೆ ಎಲ್ಲೋರಾದ, ಗುಹೆ ನೋಡಲು ಬಂದಿದ್ದ ಒಂದು ಕುಟುಂಬದವರು ಅದನ್ನು ರಿಸೆಪ್ಶನ್ನಿಗೆ ತಂದು ಇಟ್ಟು, ಇನ್ಯಾವಳದೋ ಲಿಪ್‌ಸ್ಟಿಕ್ಕು ಅಂಟಿದ ಗ್ಲಾಸಿನಲ್ಲಿ ನಮಗೆ ನೀರು ಕುಡಿಸುತ್ತೀರಾ ಎಂದು ರಂಪ ಮಾಡಿ ಹೋಗಿದ್ದರಂತೆ. ಆ ರೂಮು ಚೊಕ್ಕ ಮಾಡಿದವಳು ನನ್ನ ಹುಡುಗಿ. ನಾಶಿಕದಿಂದ ನಮ್ಮನ್ನು ಸಂಭಾಜಿನಗರಕ್ಕೆ, ಹಳೆಯ ಔರಂಗಾಬಾದಿಗೆ, ಕರೆಸಿದ್ದು ಅದಕ್ಕೆ.

"ನೋಡಿ ಮೇಡಂ, ಇದು ನಿಮ್ಮ ಟ್ರೈನಿಂಗು," ಎಂದರು ಮ್ಯಾನೇಜರರು ಹಿಂದಿಯಲ್ಲಿ.

ನಾನು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಲಿಪ್‌ಸ್ಟಿಕ್ಕಿನ ಕಲೆಯನ್ನು ನಾನು ಬೇಕಾದಷ್ಟು ಉಜ್ಜಿದ್ದೇನೆ; ಅದು ಜಿಡ್ಡು, ತುಟಿಯ ಗೆರೆ ಸಮೇತ ಕೂರುತ್ತದೆ. ಇದು ಹಾಗಿರಲಿಲ್ಲ. ಕುಂಕುಮದ ನೀರು ಹರಿದು ಒಣಗಿದ ಹಾಗೆ ಅಡ್ಡಕ್ಕೆ ಹರಡಿತ್ತು. ಉಗುರಿನಿಂದ ಕೆರೆದೆ, ಜಿಡ್ಡಿಲ್ಲ. ಹುಡುಗಿಯ ಕಡೆ ನೋಡಿದೆ. ಅವಳು ನನ್ನನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದಳು.

ಮ್ಯಾನೇಜರರು ತಮ್ಮ ಮಾತು ಮುಗಿಸಿದರು. ನಾವು ಕಳಿಸಿದ ನಾಲ್ಕು ಹುಡುಗಿಯರ ಪರೀಕ್ಷಾವಧಿ ಆ ವಾರ ಮುಗಿಯುವುದಿತ್ತು. ಮೂವರು ಪರವಾಗಿಲ್ಲ, ಖಾಯಂ ಮಾಡುತ್ತಾರೆ. ಇವಳು ಮಾತ್ರ ನಿಧಾನ; ಉಳಿದವರು ಮೂರು ರೂಮು ಮುಗಿಸುವಾಗ ಇವಳದು ಎರಡಾಗುವುದಿಲ್ಲ. ಈಗ ಈ ದೂರು ಬೇರೆ. ತಪ್ಪು ತರಬೇತಿಯದು ಎಂದು ನಾನೊಂದು ಹಾಳೆಗೆ ಸಹಿ ಹಾಕಿಕೊಟ್ಟರೆ ಇವಳನ್ನು ವಾಪಸು ಕಳಿಸಿ ನಮ್ಮ ಮುಂದಿನ ತಂಡದಿಂದ ಬೇರೊಬ್ಬಳನ್ನು ತೆಗೆದುಕೊಳ್ಳುತ್ತಾರೆ. ತರಕಾರಿ ಅಂಗಡಿಯಲ್ಲಿ ಕೊಳೆತ ಬದನೆಕಾಯಿ ಬದಲಾಯಿಸಿಕೊಳ್ಳುವ ಸರಾಗದಲ್ಲಿ ಹೇಳಿದರು. ಪ್ಲೇಸ್‌ಮೆಂಟಿನವರು ತಲೆ ಆಡಿಸಿದರು.

ಮೊದಲು ನಾನು ಅವಳ ಜೊತೆ ಒಂದು ಪಾಳಿ ನಿಂತು ನೋಡುತ್ತೇನೆ, ಆಮೇಲೆ ಸಹಿಯ ಮಾತು ಎಂದೆ. ಮ್ಯಾನೇಜರರು ಉದಾರವಾಗಿ ಒಪ್ಪಿದರು. ಉಳಿಯಲು ಎರಡನೇ ಮಹಡಿಯಲ್ಲಿ ನನಗೊಂದು ರೂಮನ್ನೂ ಕೊಟ್ಟರು.

ರೂಮು ಚೆನ್ನಾಗಿಯೇ ಇತ್ತು. ಚಾದರದ ಮೂಲೆಗಳನ್ನು ನಾನು ಕಲಿಸಿದ ಹಾಗೆಯೇ ಮಡಿಸಿದ್ದರು, ದಿಂಬಿನ ಗವಸಿನ ಬಾಯಿ ಬಾಗಿಲಿಗೆ ಬೆನ್ನು ಮಾಡಿತ್ತು. ಮೇಜಿನ ಮೇಲೆ ಎರಡು ಗ್ಲಾಸು, ಎರಡಕ್ಕೂ ಕಾಗದದ ಟೊಪ್ಪಿ. ಟೊಪ್ಪಿಯ ಮೇಲೆ, ನಿಮ್ಮ ಆರೋಗ್ಯಕ್ಕಾಗಿ ಇದನ್ನು ಶುದ್ಧಗೊಳಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚು. ಟೊಪ್ಪಿ ತೆಗೆದು ನೀರು ಬಗ್ಗಿಸಿ ಗಟಗಟ ಕುಡಿದೆ. ಯಾವುದೋ ಸೋಪಿನ ವಾಸನೆ ಬಂತು. ಬಂದರೆ ಬರಲಿ, ಸೋಪು ತಾನೇ ಎಂದುಕೊಂಡೆ.

ಈ ಹುಡುಗಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅವಳ ಅಪ್ಪ ಅವ್ವ ಯಾದಗಿರಿ ಕಡೆಯವರು. ಗಾರೆ ಕೆಲಸಕ್ಕೆಂದು ನಾಶಿಕದ ಹತ್ತಿರದ ದಿಂಡೋರಿಗೆ ಬಂದು, ಅಲ್ಲಿನ ವೈನ್ ಕಾರ್ಖಾನೆಯ ಗೋಡೆ ಎದ್ದು ನಿಂತ ಮೇಲೆ ಅದರ ಸುತ್ತಲಿನ ದ್ರಾಕ್ಷಿ ತೋಟದಲ್ಲೇ ಕೂಲಿಗೆ ಉಳಿದವರು. ಇವಳು ಹುಟ್ಟಿದ್ದು ಆ ತೋಟದ ಶೆಡ್ಡಿನಲ್ಲಿ. ಹೊರಗೆಲ್ಲ ಮರಾಠಿ, ಅವ್ವನ ಹತ್ತಿರ ಮಾತ್ರ ಕನ್ನಡ. ನಮ್ಮ ಕೇಂದ್ರಕ್ಕೆ ಬಂದ ಮೊದಲ ದಿನ ನನ್ನ ಬಾಯಲ್ಲಿ ಕನ್ನಡ ಕೇಳಿ, ಕಳೆದುಹೋದ ದನ ಕೊಟ್ಟಿಗೆ ಕಂಡ ಹಾಗೆ ನನ್ನ ಹಿಂದೆಯೇ ತಿರುಗಿದಳು. ನನ್ನದು ಕರಾವಳಿಯ ಕನ್ನಡ. ಅಜ್ಜ ನಾಶಿಕದಲ್ಲಿ ಇಡ್ಲಿ ಸಾಂಬಾರಿನ ಹೋಟೆಲು ಹಾಕಿದವರು. ಅವರ ಮತ್ತು ಅಡುಗೆ ಭಟ್ಟರ ಬಾಯಿಂದ ಕಲಿತ ಭಾಷೆ. ಒಬ್ಬರ ಮಾತು ಒಬ್ಬರಿಗೆ ಅರ್ಧ ನಗು, ಅರ್ಧ ಅರ್ಥ.

ತರಗತಿಯಲ್ಲಿ ಗ್ಲಾಸಿನ ಪಾಠ ಬಂದಾಗ ಒಂದು ಸಂಗತಿ ನಡೆದಿತ್ತು. ಗ್ಲಾಸಿನ ಯಾವ ಭಾಗ ಗಿರಾಕಿಯ ತುಟಿಗೆ ತಾಗುತ್ತದೆ, ಎಲ್ಲಿ ನಮ್ಮ ಬೆರಳು ತಾಗಬಾರದು ಎಂದು ತೋರಿಸಲು ಎಲ್ಲ ಹುಡುಗಿಯರ ಕೈಗೂ ನೀರು ಕೊಟ್ಟು ಕುಡಿಯಿರಿ ಎಂದೆ. ಒಬ್ಬಳೂ ತುಟಿ ತಾಗಿಸಲಿಲ್ಲ. ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ, ಎತ್ತಿ, ಮೇಲಿನಿಂದ ಸುರಿದುಕೊಂಡರು. ನಾನು ನಕ್ಕೆ. ಈ ಹುಡುಗಿ ನಗಲಿಲ್ಲ. ಅವರ ತೋಟದಲ್ಲಿ ಮಾಲಕರ ಕಾವಲುಗಾರ ಕೂಲಿಯವರಿಗೆ ನೀರು ಕೊಡುವಾಗ ಲೋಟ ಕೊಡುವುದಿಲ್ಲವಂತೆ. ಬೊಗಸೆ ಒಡ್ಡಬೇಕು, ಅವನು ಮೇಲಿನಿಂದ ಹೊಯ್ಯುತ್ತಾನೆ. ಅದನ್ನು ಬಿಸಿಲು ಮಳೆಯ ಸುದ್ದಿ ಹೇಳಿದ ಹಾಗೆ ಹೇಳಿ, ಕೇಳಿದಳು:

"ಅಕ್ಕಾರ, ಬಾಯಿ ಹಚ್ಚಿ ಕುಡದ್ರ ಮುಂದ ಬಂದವರು ಅದರಾಗ ಕುಡಿತಾರೇನ್ರಿ?"

ಕುಡಿಯುತ್ತಾರೆ, ಅದಕ್ಕೇ ನಾವು ತೊಳೆಯುವುದು ಎಂದೆ. ಸರಿಯಾಗಿ ತೊಳೆದ ಗ್ಲಾಸಿಗೆ ಹಿಂದೆ ಯಾರ ಬಾಯಿ ತಾಗಿತ್ತು ಎನ್ನುವ ನೆನಪು ಇರುವುದಿಲ್ಲ. ನಮ್ಮ ಅಜ್ಜ ತಮ್ಮ ಹೋಟೆಲಿನಲ್ಲಿ ಒಂದು ಕಟ್ಟು ಮಾಡಿದ್ದರು: ಗಲ್ಲಾದಲ್ಲಿ ಕೂತವನಿಗೆ, ಅವನ ಮನೆಯವರಿಗೆ, ಅಡುಗೆಯವರಿಗೆ ಬೇರೆ ಲೋಟ ಇಲ್ಲ, ಗಿರಾಕಿಗೆ ಹೋಗುವ ಲೋಟದಲ್ಲೇ ಕುಡಿಯಬೇಕು. ಹಾಗಾದರೆ ಮಾತ್ರ ತೊಳೆಯುವ ಕಟ್ಟೆಯ ಮೇಲೆ ಧಣಿಯ ಕಣ್ಣು ಇರುತ್ತದೆ ಎಂದು. ಅದನ್ನೂ ಹೇಳಿದೆ. ಅವಳು ಆ ಗ್ಲಾಸನ್ನು ಮತ್ತೊಮ್ಮೆ ತುಂಬಿಸಿಕೊಂಡು, ಕಳ್ಳತನ ಮಾಡುವವಳ ಹಾಗೆ ಆಚೀಚೆ ನೋಡಿ, ತುಟಿ ತಾಗಿಸಿ ಕುಡಿದಳು.

ಅವಳಿಗೆ ಈ ಕೆಲಸ ಬೇಕಾಗಿದ್ದುದು ಸಂಬಳಕ್ಕೆ ಮಾತ್ರ ಅಲ್ಲ. ಸೋದರಮಾವ ಪುಣೆಯ ಕಟ್ಟಡಗಳಲ್ಲಿ ಕೆಲಸಕ್ಕಿದ್ದ, ಅವಳಿಗಿಂತ ಬಹಳ ದೊಡ್ಡವ. ನೌಕರಿ ಖಾಯಂ ಆದರೆ ಮದುವೆಯ ಮಾತು ಎತ್ತುವುದಿಲ್ಲ ಎಂದು ಅಪ್ಪ ಒಪ್ಪಿದ್ದ. ಆಗದಿದ್ದರೆ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಆ ಮಾವನ ಜೊತೆ ಮದುವೆ, ಅಕ್ಕಿಕಾಳು.

ಮರುದಿನ ಬೆಳಿಗ್ಗೆ ಪಾಳಿಗೆ ನಿಂತೆ. ಟ್ರಾಲಿ ನೋಡಿ ಮೊದಲು ಹಿಗ್ಗಿದೆ. ನಾನು ಹೇಳಿಕೊಡುವ ನಾಲ್ಕು ಬಣ್ಣದ ಬಟ್ಟೆಗಳೂ ಇದ್ದವು: ಕಮೋಡಿಗೆ ಕೆಂಪು, ಬೇಸಿನ್ನಿಗೆ ಹಳದಿ, ಕನ್ನಡಿಗೆ ನೀಲಿ, ಕುಡಿಯುವ ಗ್ಲಾಸಿಗೆ ಬಿಳಿ. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟಬಾರದು. ಈ ಪಾಠವನ್ನು ನಾನು ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುವ ಹಾಗೆ ಉರು ಹೊಡೆಸುತ್ತೇನೆ. ಹತ್ತಿರ ಹೋಗಿ ಮುಟ್ಟಿದೆ. ಅಂಗಡಿಯಿಂದ ಬಂದಾಗಿನ ಮಡಿಕೆಯೇ ಮುರಿದಿರಲಿಲ್ಲ, ಗಂಜಿ ಗರಿಗರಿ ಇತ್ತು. ತಪಾಸಣೆಗೆ ಬಂದವರು ನೋಡಲಿಕ್ಕೆ ಅವು, ಮೈಲಿಗೆ ಮಾಡಬೇಡಿ ಎಂದರು ಸೂಪರ್‌ವೈಸರ್.

ಮೊದಲ ರೂಮಿಗೆ ನನ್ನ ಇನ್ನೊಬ್ಬ ಹುಡುಗಿಯ ಜೊತೆ ಹೋದೆ. ಖಾಯಂ ಆಗಲಿದ್ದ ಮೂವರಲ್ಲಿ ಅವಳು ಬಲು ಚುರುಕು. ಗಿರಾಕಿ ಬಿಟ್ಟುಹೋದ ರೂಮು. ಚಾದರ ಎಳೆದಳು, ಹಾಸಿದಳು, ಕಣ್ಣು ಮಿಟುಕಿಸುವುದರೊಳಗೆ ಹಾಸಿಗೆ ಆಯಿತು. ಆಮೇಲೆ ಬಚ್ಚಲು. ಗಿರಾಕಿ ಮೈ ಒರೆಸಿ ನೆಲಕ್ಕೆ ಹಾಕಿದ್ದ ಟವೆಲನ್ನು ಎತ್ತಿಕೊಂಡಳು. ಅದರಿಂದ ಬೇಸಿನ್ನು ಒರೆಸಿದಳು. ಅದರಿಂದಲೇ ಕಮೋಡಿನ ಕೂರುವ ಪಟ್ಟಿ, ಅದರ ಅಡಿಭಾಗ. ಬಗ್ಗಿ, ಷವರಿನ ಕೆಳಗಿನ ನೆಲ. ಟವೆಲನ್ನು ಮಗುಚಿ ಒಣಗಿದ ಮೂಲೆ ಹುಡುಕಿದಳು. ರೂಮಿಗೆ ಬಂದು, ಗಿರಾಕಿ ಕುಡಿದಿಟ್ಟ ಎರಡು ಗ್ಲಾಸಿನ ನೀರನ್ನು ಬೇಸಿನ್ನಿಗೆ ಚೆಲ್ಲಿ, ಆ ಮೂಲೆಯನ್ನು ಒಳಗೆ ತುರುಕಿ ಗರಗರ ತಿರುಗಿಸಿದಳು. ಬೆಳಕಿಗೆ ಹಿಡಿದಳು. ಥಳಥಳ ಹೊಳೆಯಿತು. ಕಾಗದದ ಟೊಪ್ಪಿ ಹಾಕಿದಳು.

ನನ್ನ ಮುಖ ಅವಳು ನೋಡಲಿಲ್ಲ. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು, ನೋಡಿದಿರಾ ಎಷ್ಟು ಬೇಗ ಎಂದರು.

ಹಿಂದಿನ ದಿನ ನಾನು ಕುಡಿದ ನೀರಿನ ಸೋಪಿನ ವಾಸನೆ ಆಗ ಗಂಟಲಿಗೆ ಬಂತು. ಯಾರ ಮೈಯ ಸೋಪೋ ಅದು. ನನ್ನ ರೂಮಿಗೆ ಹೋಗಿ ಬೇಸಿನ್ನಿನ ಮುಂದೆ ಬಗ್ಗಿ ನಿಂತೆ. ಬಾಯಿ ಮುಕ್ಕಳಿಸೋಣವೆಂದರೆ ಅಲ್ಲಿದ್ದುದೂ ಒಂದು ಟೊಪ್ಪಿ ಹಾಕಿದ ಗ್ಲಾಸೇ. ಬೊಗಸೆಯಲ್ಲಿ ನೀರು ಹಿಡಿದು ಮುಕ್ಕಳಿಸಿದೆ.

ಗ್ಲಾಸು ತೊಳೆಯುವುದಕ್ಕೆ ಪ್ರತಿ ಮಹಡಿಯಲ್ಲೂ ಒಂದು ಸಣ್ಣ ಕೋಣೆ ಇರಬೇಕು. ಬಿಸಿನೀರಿನ ನಲ್ಲಿ, ಸಿಂಕು, ಮಗುಚಿ ಇಡಲು ಜಾಲರಿ. ಬಳಸಿದ ಗ್ಲಾಸೆಲ್ಲ ಅಲ್ಲಿಗೆ ಹೋಗಬೇಕು, ತೊಳೆದ ಜೊತೆ ರೂಮಿಗೆ ಬರಬೇಕು. ಹುಡುಕಿಕೊಂಡು ಹೋದೆ. ಕೋಣೆ ಇತ್ತು. ಬಾಗಿಲು ತೆಗೆದರೆ ಮದುವೆ ಹಾಲಿನ ಕುರ್ಚಿಗಳ ಸ್ಯಾಟಿನ್ ಗವಸು, ಪ್ಲಾಸ್ಟಿಕ್ ಹೂವಿನ ಕಮಾನು, ಸಿಂಕಿನೊಳಗೆ ಮುರಿದ ದೀಪದ ಬುರುಡೆ. ಗೀಸರಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು.

ಆಮೇಲೆ ನನ್ನ ಹುಡುಗಿಯ ರೂಮಿಗೆ ಬಂದೆ. ಅವಳು ಬಚ್ಚಲಲ್ಲಿ ಬಿಸಿನೀರಿನ ನಲ್ಲಿಯ ಕೆಳಗೆ, ಊರಿಂದ ತಂದ ಪಾತ್ರೆ ಸೋಪಿನ ತುಂಡು ಹಚ್ಚಿ ಗ್ಲಾಸು ಉಜ್ಜುತ್ತಿದ್ದಳು. ಬೇಸಿನ್ನಿಗೆ ತಾಗದ ಹಾಗೆ ಗಾಳಿಯಲ್ಲಿ ಎತ್ತಿ ಹಿಡಿದು. ನನ್ನನ್ನು ಕಂಡು ನೀರು ನಿಲ್ಲಿಸಿದಳು.

"ಯಾತರಲೆ ಒರಸ್ತಿದಿ?" ಎಂದೆ, ಅವಳ ಮಾತಿನಲ್ಲೇ.

ಯೂನಿಫಾರ್ಮಿನ ಸೊಂಟದ ಒಳಗಿಂದ ಒಂದು ಮಡಿಸಿದ ಬಟ್ಟೆ ತೆಗೆದಳು. ತೆಳ್ಳಗೆ ಸವೆದ ಇಳಕಲ್ ಸೀರೆಯ ತುಂಡು. ಮನೆ ಬಿಟ್ಟು ಬರುವಾಗ ಅವ್ವನ ಹಳೆಯ ಸೀರೆಯೊಂದನ್ನು ಹೊದ್ದುಕೊಳ್ಳಲು ತಂದಿದ್ದಳಂತೆ. ಗಿರಾಕಿ ಬಿಟ್ಟ ಒಂದೇ ಟವೆಲಿನಲ್ಲಿ ಕಮೋಡನ್ನೂ ಗ್ಲಾಸನ್ನೂ ಒರೆಸಬೇಕು ಎಂದು ಗೊತ್ತಾದ ದಿನ ಆ ಸೀರೆಯ ಒಡಲನ್ನು ಹರಿದು ಗ್ಲಾಸಿಗೆ ಇಟ್ಟುಕೊಂಡಳು. ದಿನಾ ಒಗೆದು, ದಿನಾ ಒಣಗಿಸಿ. ಮೊನ್ನೆ ಮೋಡ ಹಾಕಿ ಬಟ್ಟೆ ಒಣಗಲಿಲ್ಲ. ಉಳಿದಿದ್ದುದು ಸೆರಗು, ಅದರಲ್ಲೇ ಒರೆಸಿದಳು. ಇಳಕಲ್ ಸೀರೆಯ ಸೆರಗೆಂದರೆ ಕೆಂಪು. ಎಷ್ಟು ಹಳೆಯದಾದರೂ ಬಿಸಿನೀರು ಕಂಡರೆ ಇಷ್ಟು ಬಣ್ಣ ಬಿಟ್ಟೇ ಬಿಡುತ್ತದೆ.

"ಅವ್ವ ಅದನ ಉಪ್ಪಿನ ನೀರಾಗ ನೆನಿಹಾಕ್ತಿದ್ಲರಿ. ನಂಗ ಗದ್ದಲದಾಗ ಖಬರ ಇರ್ಲಿಲ್ಲ."

ಇಡೀ ಹೋಟೆಲಿನಲ್ಲಿ ತೊಳೆದು ಮಡಿ ಬಟ್ಟೆಯಲ್ಲಿ ಒರೆಸಿದ ಗ್ಲಾಸು ಯಾವುದೆಂದರೆ ಮ್ಯಾನೇಜರರ ಮೇಜಿನ ಮೇಲೆ ಅಪರಾಧಿಯಾಗಿ ಕೂತದ್ದು. ಉಳಿದವೆಲ್ಲ ಹೊಳೆಯುತ್ತಿದ್ದವು.

ಇದನ್ನು ಆವತ್ತೇ ಯಾಕೆ ಹೇಳಲಿಲ್ಲ ಎಂದು ಗದರಿದೆ. ಹೇಳಿದ್ದರೆ ಟವೆಲಿನ ಮಾತೂ ಬರುತ್ತಿತ್ತು, ಉಳಿದ ಮೂವರ ಹೆಸರೂ ಬರುತ್ತಿತ್ತು ಎಂದಳು. ಅವರು ಅವಳ ಜೊತೆ ಒಂದೇ ರೂಮಿನಲ್ಲಿ ಮಲಗುವವರು.

ಮಧ್ಯಾಹ್ನ ಸಿಬ್ಬಂದಿ ಊಟದ ಜಾಗಕ್ಕೆ ಹೋದೆ. ನೆಲಮಾಳಿಗೆ, ಮೇಲೆ ಪೈಪುಗಳು. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನೀರಿನ ಬಾಟಲಿಗಳು: ಒಂದಕ್ಕೆ ಕೆಂಪು ದಾರ, ಒಂದಕ್ಕೆ ಉಗುರುಬಣ್ಣದ ಚುಕ್ಕೆ, ಒಂದಕ್ಕೆ ಹಳೆಯ ಕಾಲ್ಚೀಲದ ಅಂಗಿ. ಅಡುಗೆಯವರಿಗೆ ಒಂದು, ಗೇಟಿನವನಿಗೆ ಒಂದು, ರಿಸೆಪ್ಶನ್ನಿನ ಹುಡುಗಿಗೆ ಒಂದು. ಎಷ್ಟು ಶಿಸ್ತು ಎಂದುಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಮ್ಯಾನೇಜರರ ಫ್ಲಾಸ್ಕು ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಚಪಾತಿ ತಟ್ಟೆಗೆ ಹಾಕಿದೆ. ಆ ಹೋಟೆಲಿನಲ್ಲಿ ಕೆಲಸ ಮಾಡುವ ಒಬ್ಬ ನರಪಿಳ್ಳೆಯೂ ಆ ಹೋಟೆಲಿನ ಗ್ಲಾಸಿನಲ್ಲಿ ನೀರು ಕುಡಿಯುತ್ತಿರಲಿಲ್ಲ. ಎಲ್ಲರಿಗೂ ಗೊತ್ತು. ಗೊತ್ತಿದ್ದು, ನಮಸ್ಕಾರ ಮಾಡಿ, ಹಣೆಗೆ ಕುಂಕುಮ ಇಟ್ಟು, ಗಿರಾಕಿಯನ್ನು ರೂಮಿಗೆ ಕಳಿಸುತ್ತಿದ್ದರು.

ಸೂಪರ್‌ವೈಸರ್ ನನ್ನ ಎದುರಿಗೆ ಕೂತು ತಮ್ಮ ಬಾಟಲಿಯಿಂದ ಕುಡಿದರು. ನಾನು ಬಾಟಲಿಯನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು. ತಾವೂ ಪೈಠಣದ ಕಡೆಯ ಹಳ್ಳಿಯಿಂದ ಬಂದವರೇ ಎಂದು ಮರಾಠಿಯಲ್ಲಿ ಹೇಳಿದರು. ಹೊಸದರಲ್ಲಿ ತಾವೂ ತೊಳೆಯುತ್ತಿದ್ದರಂತೆ. ಆಮೇಲೆ ಕೋಣೆಗೆ ಕುರ್ಚಿಯ ಗವಸು ತುಂಬಿದರು, ರೂಮುಗಳು ಹೆಚ್ಚಾದವು, ಮೊಣಕಾಲು ಹೋಯಿತು.

"ಗಿರಾಕಿ ಹೊಳಪು ನೋಡ್ತಾರೆ ಮೇಡಂ, ನಾವು ಹೊಳಪು ಕೊಡ್ತೇವೆ," ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಹುಡುಗಿಯ ಸೊಂಟದಲ್ಲಿ ಆ ಬಟ್ಟೆ ಇರೋದು ನನಗೆ ಮೊದಲಿಂದ ಗೊತ್ತು. ನಾನು ನೋಡಿಲ್ಲ ಅಂತ ಇದ್ದೆ." ಅದು ಅವರು ಮಾಡಿದ ಉಪಕಾರ. ಅದಕ್ಕಿಂತ ಹೆಚ್ಚಿಗೆ ಮಾಡುವ ಶಕ್ತಿ ಅವರಿಗೆ ಇರಲಿಲ್ಲ, ಮಾಡುವ ಮನಸ್ಸೂ ಇರಲಿಲ್ಲ.

ಸಂಜೆ ಪ್ಲೇಸ್‌ಮೆಂಟಿನವರು ನನ್ನನ್ನು ಹೊರಗಿನ ಚಹಾ ಗಾಡಿಗೆ ಕರೆದುಕೊಂಡು ಹೋದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಮನುಷ್ಯ ಬೆಚ್ಚಲಿಲ್ಲ. ಎಲ್ಲ ಕಡೆ ಹೀಗೇ ಮೇಡಂ ಎಂದರು. ಈ ಹೋಟೆಲು ವರ್ಷಾ ವರ್ಷಾ ನಮ್ಮ ಹುಡುಗಿಯರನ್ನು ತೆಗೆದುಕೊಳ್ಳುತ್ತದೆ, ನಮಗೆ ದೇಣಿಗೆ ಕೊಡುವವರಿಗೆ ತೋರಿಸುವ ಫೋಟೋ ಇಲ್ಲಿಯದೇ. ಒಬ್ಬಳಿಗಾಗಿ ಬಾಗಿಲು ಮುಚ್ಚಿಕೊಳ್ಳುವುದು ಬೇಡ, ಸಹಿ ಹಾಕಿ ಹೊರಡೋಣ. ಬಡ ಹುಡುಗಿಯರು, ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ ಎಂದರು. ಮಾತು ಕೆಟ್ಟ ಮನಸ್ಸಿನದಲ್ಲ, ಅದೇ ನನ್ನನ್ನು ಉರಿಸಿದ್ದು. ನಾಲ್ಕು ಬಣ್ಣದ ಬಟ್ಟೆ ಹಿಡಿದು ನಾನು ತಿಂಗಳುಗಟ್ಟಲೆ ಕೂಗಿದ್ದು, ಈ ಮಕ್ಕಳು ಬಸ್ಸು ಬದಲಾಯಿಸಿ ಬಂದು ಕಲಿತದ್ದು, ಎಲ್ಲ ಆ ಟ್ರಾಲಿಯ ಮೇಲಿನ ಗರಿಗರಿ ಮಡಿಕೆಗಾಗಿ.

ಮರುದಿನ ಮತ್ತೆ ಅದೇ ಕೋಣೆ, ಅದೇ ಐದು ಜನ. ಗ್ಲಾಸು ಇನ್ನೂ ನ್ಯಾಪ್ಕಿನ್ನಿನ ಮೇಲೆಯೇ ಇತ್ತು. ಅದರ ಪಕ್ಕ ಸಹಿಗೆ ಹಾಳೆ. ಅತಿಥಿಗಳಿಗೆಂದು ಜಗ್ಗಿನಲ್ಲಿ ನೀರು, ತಟ್ಟೆಯ ಮೇಲೆ ಟೊಪ್ಪಿ ಹಾಕಿದ ಗ್ಲಾಸುಗಳು.

ಟವೆಲಿನ ಮಾತನ್ನು ಯಾರ ಹೆಸರೂ ಎತ್ತದೆ ಹೇಳಿದೆ. ಮಹಡಿಯ ಕೋಣೆ ಖಾಲಿ ಮಾಡಿಸಿ, ಇನ್ನೊಂದು ಜೊತೆ ಗ್ಲಾಸು ತರಿಸಿ, ಜಾಲರಿಯಲ್ಲಿ ತೊಳೆದಿಟ್ಟದ್ದನ್ನು ರೂಮಿಗೆ ಬದಲಿ ಕಳಿಸಿ. ರೂಮಿಗೆ ಹಿಡಿಯುವ ಹೊತ್ತೂ ಕಡಿಮೆಯಾಗುತ್ತದೆ, ಬೇಕಿದ್ದರೆ ನಾನೇ ನಿಂತು ಹೊಂದಿಸಿ ಕೊಡುತ್ತೇನೆ ಎಂದೆ. ಮ್ಯಾನೇಜರರು ತಾಳ್ಮೆಯಿಂದ ಕೇಳಿದರು. ಟವೆಲಿನ ವಿಷಯ ತಮಗೆ ಹೊಸದು, ವಿಚಾರಿಸುತ್ತೇನೆ ಎಂದರು. ಸೂಪರ್‌ವೈಸರ್ ನೆಲ ನೋಡಿದರು. ಗ್ಲಾಸಿನದು ಮುಂದಿನ ಸೀಸನ್ನಿಗೆ ನೋಡೋಣ, ಸದ್ಯಕ್ಕೆ ಈ ದೂರು ಮುಗಿಸಬೇಕು ಎಂದು ಪೆನ್ನು ನನ್ನ ಕಡೆ ತಿರುಗಿಸಿ ಇಟ್ಟರು.

ಹುಡುಗಿ ಆಗ ಒಂದು ಹೆಜ್ಜೆ ಮುಂದೆ ಬಂದಳು. ಮ್ಯಾನೇಜರರಿಗೆ ತಿಳಿಯಲೆಂದು ಹಿಂದಿಯಲ್ಲಿ, ತೊದಲುತ್ತ ಹೇಳಿದಳು:

"ಸರ್, ನನ್ನ ಕೆಲಸ ತೆಗೀಬೇಡಿ. ಇನ್ನು ನಾನೂ ಟವೆಲಿನಲ್ಲೇ ಒರೆಸುತ್ತೇನೆ. ಬೇಗ ಮಾಡುತ್ತೇನೆ."

ಆ ಎರಡು ದಿನದಲ್ಲಿ ನಾನು ಕಂಡ ಕೊಳಕಿನಲ್ಲೆಲ್ಲ ನನಗೆ ಅತ್ಯಂತ ಹೇಸಿಗೆಯಾದದ್ದು ಈ ಮಾತಿಗೆ, ಅದನ್ನು ಅವಳ ಬಾಯಲ್ಲಿ ಹೇಳಿಸಿದವರಿಗೆ. ಮ್ಯಾನೇಜರರು ಸಮಾಧಾನವಾಗಿ ಮುಗುಳ್ನಕ್ಕರು. ಹೊಂದಿಕೊಂಡಳು ಎಂದು ಪ್ಲೇಸ್‌ಮೆಂಟಿನವರ ಮುಖದಲ್ಲೂ ಒಂದು ನಿರಾಳ.

ಸಹಿ ಹಾಕಿಬಿಟ್ಟರೆ, ಅವಳು ಇಷ್ಟು ಬೇಡಿದ ಮೇಲೆ, ಬಹುಶಃ ಉಳಿಸಿಕೊಳ್ಳುತ್ತಿದ್ದರೇನೋ. ಅದು ನನಗೆ ಆಗಲೂ ಗೊತ್ತಿತ್ತು. ಪೆನ್ನು ಮುಟ್ಟಲಿಲ್ಲ. ನ್ಯಾಪ್ಕಿನ್ನಿನ ಮೇಲಿದ್ದ ಕಲೆಯ ಗ್ಲಾಸನ್ನು ಎತ್ತಿಕೊಂಡೆ, ಜಗ್ಗಿನಿಂದ ನೀರು ಬಗ್ಗಿಸಿದೆ, ಕಲೆಯಿದ್ದ ಕಡೆಯೇ ತುಟಿ ಇಟ್ಟು ಪೂರ್ತಿ ಕುಡಿದೆ.

"ಇದು ಯಾವುದರಲ್ಲಿ ಒರೆಸಿದ್ದು ಅಂತ ನನಗೆ ಗೊತ್ತು," ಎಂದೆ. "ಆ ತಟ್ಟೆಯ ಗ್ಲಾಸುಗಳಲ್ಲಿ ಯಾವುದಾದರೂ ಒಂದರಲ್ಲಿ ನೀವು ನೀರು ಕುಡಿಯಿರಿ, ನಾನು ಸಹಿ ಹಾಕುತ್ತೇನೆ."

ಮ್ಯಾನೇಜರರು ನಕ್ಕರು. ನಗುವಾಗ ಅವರ ಕೈ ತನ್ನಷ್ಟಕ್ಕೆ ಫ್ಲಾಸ್ಕಿನ ಮೇಲೆ ಹೋಗಿ ಕೂತಿತು. ಅದನ್ನು ನಾನು ನೋಡಿದೆ, ಸೂಪರ್‌ವೈಸರ್ ನೋಡಿದರು, ಕೊನೆಗೆ ಅವರೇ ನೋಡಿಕೊಂಡು ಕೈ ತೆಗೆದರು. ನಿಮ್ಮ ಸಹಿ ಇಲ್ಲದೆಯೂ ನಮ್ಮ ಕೆಲಸ ನಡೆಯುತ್ತದೆ ಎಂದು ಹಾಳೆ ಮಡಚಿದರು.

ನಡೆಯಿತು. ಮಧ್ಯಾಹ್ನದ ಒಳಗೆ ಅವಳ ಯೂನಿಫಾರ್ಮು ಬಿಚ್ಚಿಸಿಕೊಂಡು ಲೆಕ್ಕ ಚುಕ್ತಾ ಮಾಡಿದರು. ಉಳಿದ ಮೂವರನ್ನು ನಾನು ಒಬ್ಬೊಬ್ಬರಾಗಿ ಕೇಳಿದೆ, ಬರುತ್ತೀರಾ ಎಂದು. ಇಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಂದಿದ್ದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ?

ನಾಶಿಕದ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು, ಸೀರೆಯ ಉಳಿದ ತುಂಡು ಮಡಿಲಲ್ಲಿ. ಪ್ಲೇಸ್‌ಮೆಂಟಿನವರು ಬೇಕೆಂದೇ ಹಿಂದಿನ ಸೀಟು ಹಿಡಿದಿದ್ದರು. ಬಸ್ಸು ವೈಜಾಪುರ ದಾಟಿತು. ಆಮೇಲೆ ಹೊರಗೆ ನೋಡುತ್ತಲೇ ಹೇಳಿದಳು:

"ನೀವು ಕುಡದ್ರಿ ಅಕ್ಕಾರ, ನಿಮ್ಮ ಸಿಟ್ಟು ತಣ್ಣಗಾತು. ಕೆಲಸ ಹೋಗಿದ್ದು ನಂದು."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಮಾಡಿದ್ದು ಸರಿ ಎಂದು ಈಗಲೂ ನಂಬುತ್ತೇನೆ, ಆದರೆ ಅದರ ಬೆಲೆ ತೆತ್ತವಳು ನಾನಲ್ಲ. ಬಸ್ಸು ಇಳಿದ ಮೇಲೆ ಅವಳನ್ನು ದಿಂಡೋರಿಗೆ ಕಳಿಸಲು ಮನಸ್ಸಾಗಲಿಲ್ಲ. ನೇರ ನಮ್ಮ ಹೋಟೆಲಿಗೆ ಕರೆದುಕೊಂಡು ಹೋದೆ. ಅಜ್ಜನ ಗಲ್ಲಾದ ಮೇಲೆ ಈಗ ನನ್ನ ತಮ್ಮ ಕೂರುತ್ತಾನೆ.

ಅವನಿಗೆ ವಿಷಯ ಹೇಳಿ, ಇವಳಿಗೆ ಕೆಲಸ ಕೊಡು ಎಂದೆ. ತೊಳೆಯುವ ಕಟ್ಟೆ ಮತ್ತು ಟೇಬಲಿನ ಉಸ್ತುವಾರಿ. ತಮ್ಮ ತಲೆ ಕೆರೆದುಕೊಂಡ. ಅಜ್ಜನ ಕಾಲದಿಂದ ಆ ಹೋಟೆಲಿನಲ್ಲಿ ಗಂಡಸರೇ. ಭಟ್ಟರು, ಸಪ್ಲೈಯರು, ಕ್ಲೀನರು ಎಲ್ಲ ಮೇಲಿನ ಅಟ್ಟದಲ್ಲಿ ಮಲಗುವವರು.

"ಅಲ್ಲ ಮಾರಾಯ್ತಿ, ಈ ಮಗುವನ್ನು ಎಲ್ಲಿ ನಿಲ್ಲಿಸುವುದು? ಬಟ್ಟೆ ಬದಲಾಯಿಸಲಿಕ್ಕೆ ಒಂದು ಬಾಗಿಲಿಲ್ಲ ಇಲ್ಲಿ."

ಇಷ್ಟು ವರ್ಷ ಬೇರೆಯವರ ಹೋಟೆಲಿಗೆ ಹೆಣ್ಣುಮಕ್ಕಳನ್ನು ಕಳಿಸುತ್ತ ಬಂದವಳು, ನಮ್ಮದರಲ್ಲಿ ಅವರಿಗೆ ಒಂದು ಬಾಗಿಲಿಲ್ಲ ಎನ್ನುವುದನ್ನು ಆವತ್ತು ನೋಡಿದೆ. ಬೆಲ್ಲ, ಹುಣಸೆಹಣ್ಣು ಇಡುವ ಕೋಣೆಯನ್ನು ನಾನೂ ಅವಳೂ ಸೇರಿ ಖಾಲಿ ಮಾಡಿದೆವು. ತಮ್ಮ ಗೊಣಗುತ್ತಲೇ ಚಿಲಕ ಹಾಕಿಸಿದ, ಕನ್ನಡಿ ತಂದ. ಇರುವೆಗಳು ಮಾತ್ರ ಬಹಳ ದಿನ ಬಿಟ್ಟು ಹೋಗಲಿಲ್ಲ. ರಾತ್ರಿ ಅವಳು ನನ್ನ ಮನೆಗೆ ಬಂದು ಮಲಗುತ್ತಿದ್ದಳು. ಅವಳ ಅಪ್ಪನಿಗೆ ಫೋನು ಮಾಡಿ, ಕೆಲಸ ಹೋಗಿಲ್ಲ, ಊರು ಬದಲಾಗಿದೆ ಎಂದು ತಮ್ಮನ ಬಾಯಿಂದಲೇ ಹೇಳಿಸಿದೆ. ಗಂಡಸಿನ ದನಿಗೆ ಅವನು ಒಪ್ಪಿದ. ಅದೂ ನನಗೆ ಹೇಸಿಗೆಯೇ, ಆದರೆ ನುಂಗಿಕೊಂಡೆ.

ಸಂಭಾಜಿನಗರದ ಹೋಟೆಲು ಈಗಲೂ ಚೆನ್ನಾಗಿ ನಡೆಯುತ್ತದೆ. ಅಲ್ಲಿಗೆ ನನ್ನ ತಂಡದವರನ್ನು ಕಳಿಸುವುದಿಲ್ಲ ಎಂದು ಕೇಂದ್ರದಲ್ಲಿ ಹಟ ಹಿಡಿದೆ. ಬೇರೆ ಕೇಂದ್ರದವರು ಕಳಿಸುತ್ತಿದ್ದಾರೆ. ಉಳಿದ ಮೂವರಲ್ಲಿ ಚುರುಕಿನವಳು ಒಮ್ಮೆ ಫೋನು ಮಾಡಿದ್ದಳು. ಕಾಗದದ ಟೊಪ್ಪಿ ಹೋಗಿ ಈಗ ಪ್ಲಾಸ್ಟಿಕ್ಕಿನದು ಬಂದಿದೆಯಂತೆ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಒಂದು ದಿನ ಅವಳ ಅವ್ವ ಮಗಳನ್ನು ನೋಡಲು ಹೋಟೆಲಿಗೆ ಬಂದಳು. ನಾನೂ ಅಲ್ಲಿದ್ದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟಿದ್ದಳು. ಒಳಗೆ ಹಾಕಿಕೊಂಡು ಬನ್ನಿ ಎಂದರೂ ಕೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು. ಮಗಳು ಸ್ಟೀಲಿನ ಲೋಟದಲ್ಲಿ ನೀರು ತಂದು ಮುಂದಿಟ್ಟಳು, ಬೆರಳು ಲೋಟದ ಬುಡದಲ್ಲಿ. ಅವ್ವ ಲೋಟ ಎತ್ತಿ, ಕತ್ತು ಹಿಂದಕ್ಕೆ ಚೆಲ್ಲಿ ಮೇಲಿನಿಂದ ಸುರಿದುಕೊಳ್ಳಲು ಹೋದಳು. ಅರ್ಧ ನೀರು ಎದೆಯ ಮೇಲೆ ಬಿತ್ತು.

"ಬಾಯಿ ಹಚ್ಚಿ ಕುಡಿ ಯವ್ವಾ," ಎಂದಳು ಮಗಳು. "ನಾನೇ ತೊಳ್ದೀನಿ."

ಅವ್ವ ಸುತ್ತ ನೋಡಿದಳು. ಗಲ್ಲಾದ ಮೇಲೆ ನನ್ನ ತಮ್ಮ ಚಿಲ್ಲರೆ ಕೊಡುತ್ತ, ಅಂಥದೇ ಲೋಟದಿಂದ ನೀರು ಕುಡಿಯುತ್ತಿದ್ದ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಲೋಟವನ್ನು ತುಟಿಗೆ ಹಚ್ಚಿ, ಕಣ್ಣು ಮುಚ್ಚಿ, ನಿಧಾನಕ್ಕೆ ಕುಡಿದಳು. ಖಾಲಿಯಾದದ್ದನ್ನು ನೋಡಿ ಮಗಳು ಜಗ್ಗು ಬಗ್ಗಿಸಿ ಮತ್ತೆ ತುಂಬಿದಳು.